ಕಾಟಮ್ಮನ ರಕ್ತ ಕೆಟ್ಟಿರಲಿಲ್ಲ

ಕಾಟಮ್ಮನ ರಕ್ತದಲ್ಲಿ ಯಾವ ರೋಗವೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಹಾದರಗಿತ್ತಿ ಎಂಬ ಹೆಸರು ಅಂಟಿಸಿದೆ, ಗಂಡನ ಮನೆ ಬಿಡಿಸಿದೆ, ಇನ್ನೂ ಎದೆಹಾಲು ಬಿಡದ ಮಗುವನ್ನು ಅವಳಿಂದ ದೂರ ಇಡಿ ಎಂದು ಹೇಳಿದೆ. ಏನೋ ತಪ್ಪು ತಿಳುವಳಿಕೆಯಿಂದ ಆಯಿತು ಎನ್ನಲು ನನಗೆ ಬಾಯಿಲ್ಲ. ತಿಳುವಳಿಕೆ ಬೇಕಾದಷ್ಟಿತ್ತು. ಇಲ್ಲದಿದ್ದದ್ದು — ಅದನ್ನು ಏನೆಂದು ಕರೆಯಬೇಕೋ ಇಷ್ಟು ವಯಸ್ಸಾದರೂ ನನಗೆ ತಿಳಿದಿಲ್ಲ.

ನಾನು ಹೊಳಲ್ಕೆರೆಯ ಮೇಷ್ಟರೊಬ್ಬರ ಮಗ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಗುಪ್ತರೋಗಗಳ ವೈದ್ಯನಾಗಿದ್ದೆ. ವಿಭಾಗ ಎಂದರೆ ಶವಾಗಾರಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಕೋಣೆ. ಸಿಫಿಲಿಸ್ಸಿಗೆ ನಮ್ಮ ಕಡೆ ಪರಂಗಿ ಹುಣ್ಣು ಎನ್ನುತ್ತಿದ್ದರು. ಹಾಗಾಗಿ ನನಗೆ ಪರಂಗಿ ಡಾಕ್ಟ್ರು ಎಂದೇ ಹೆಸರು. ಜೊತೆಯಲ್ಲಿ ಓದಿದವರು ಕಣ್ಣು, ಹೃದಯ, ಮೂಳೆ ಎಂದು ಮರ್ಯಾದಸ್ಥ ಅಂಗಗಳನ್ನು ಆರಿಸಿಕೊಂಡಿದ್ದರು. ನನ್ನ ಪಾಲಿಗೆ ಇದು ಉಳಿದಿತ್ತು. ಮದುವೆ ಮನೆಯಲ್ಲಿ ಯಾರಾದರೂ 'ತಾವು ಯಾವುದರಲ್ಲಿ ಸ್ಪೆಷಲಿಸ್ಟು?' ಎಂದು ಕೇಳಿದರೆ ನನ್ನ ಹೆಂಡತಿ ಎದ್ದು ಬೇರೆ ಪಂಕ್ತಿಗೆ ಹೋಗಿಬಿಡುತ್ತಿದ್ದಳು.

ಆ ಸಿಟ್ಟನ್ನು ನಾನು ರೋಗಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಲಾರಿ ಡ್ರೈವರುಗಳು, ಗುಮಾಸ್ತರು, ಹೊಸದಾಗಿ ಮದುವೆಯಾದ ಹುಡುಗರು ತಲೆ ತಗ್ಗಿಸಿ ಬಂದು ನಿಲ್ಲುತ್ತಿದ್ದರು. ನಾನು ಬಾಗಿಲು ಹಾಕುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ 'ಎಲ್ಲಿಂದ ತಂದ್ಯಪ್ಪಾ ಈ ಪ್ರಸಾದ?' ಎನ್ನುತ್ತಿದ್ದೆ. ಹೊರಗೆ ನಗು. ನಕ್ಕವರ ಸರದಿ ಆಮೇಲೆ ಬರುತ್ತಿತ್ತು, ಅದೂ ನನಗೆ ಖುಷಿಯೇ. ಬುದ್ಧಿ ಬರಲಿ ಎಂದು ಗದರುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಎದುರಿಗಿದ್ದವರು ಕುಗ್ಗಿ ಹಿಡಿಯಷ್ಟಾಗುವುದನ್ನು ನೋಡಲು ನನಗೆ ಇಷ್ಟವಾಗುತ್ತಿತ್ತು, ಅಷ್ಟೇ.

ಆ ಕೋಣೆಯಿಂದ ಹೊರಬೀಳಲು ನನಗಿದ್ದ ದಾರಿ ಸಂಶೋಧನೆ. ನಾಲ್ಕು ಜನ ಮಾತಾಡುವಂಥ ಪ್ರಬಂಧ ಒಂದನ್ನು ಓದಿದರೆ ಬೆಂಗಳೂರಿನಲ್ಲಿ ಒಳ್ಳೆಯ ಜಾಗ ಸಿಗುತ್ತಿತ್ತು. ನನ್ನ ತಲೆಯಲ್ಲಿ ಒಂದು ವಿಚಾರ ಕೂತಿತ್ತು. ನಮ್ಮ ಸೀಮೆಯ ಕುರಿಗಾರರು ಮೇವು ಕಡಿಮೆಯಾದಾಗ ಮಂದೆ ಹೊಡೆದುಕೊಂಡು ದಾವಣಗೆರೆ ಕಡೆಯ ನೀರಾವರಿ ಗದ್ದೆಗಳಿಗೆ ಹೋಗುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ರೈತರಿಗೆ ಗೊಬ್ಬರ ಮಾಡಿಕೊಟ್ಟು, ತಿಂಗಳುಗಟ್ಟಲೆ ಹೊರಗೇ ಇರುತ್ತಾರೆ. ಹೆಂಗಸರು ಮಕ್ಕಳು ಹಟ್ಟಿಯಲ್ಲಿ. ರೋಗ ಈ ಕುರಿಯ ದಾರಿ ಹಿಡಿದೇ ಹಳ್ಳಿಗೆ ಬರುತ್ತಿದೆ ಎಂದು ನನ್ನ ವಾದ. ಅದನ್ನು ಸಾಧಿಸಲು ಗಂಡಸರ ರಕ್ತವೂ ಬೇಕಿತ್ತು, ಹೆಂಗಸರ ರಕ್ತವೂ ಬೇಕಿತ್ತು.

ಹೆಂಗಸರು ಕೊಡಬೇಕಲ್ಲ! ತುರ್ತು ಪರಿಸ್ಥಿತಿಯ ಕಾಲ ಅದು. ಸರ್ಕಾರಿ ಜೀಪು ಕಂಡರೆ ಸಂತಾನಹರಣದ ಆಪರೇಷನ್ನಿಗೆ ಹಿಡಿಯಲು ಬಂದರು ಎಂದು ಜನ ಜಾಲಿ ಮರೆಗೆ ಓಡುತ್ತಿದ್ದರು. ಐಮಂಗಲದ ಆಚೆ ಇದ್ದ ಒಂದು ಹಟ್ಟಿಗೆ ಹೋಗಿ ಎರಡು ಸಲ ಬರಿಗೈಯಲ್ಲಿ ಬಂದೆ. ಹಟ್ಟಿಯ ಹೆಸರು ಬರೆಯುವುದಿಲ್ಲ, ಈಗ ಅಲ್ಲಿರುವವರು ಏನೂ ಮಾಡಿದವರಲ್ಲ. ಮೂರನೆಯ ಸಲ ಉಪಾಯ ಮಾಡಿದೆ. ದನದ ಡಾಕ್ಟರು ನನ್ನ ಸ್ನೇಹಿತ. ಕುರಿಗಳಿಗೆ ಕುಡಿಸುವ ಹುಳದ ಔಷಧಿಯ ಡಬ್ಬಗಳ ಸಮೇತ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ಆ ವರ್ಷ ಕುರಿಗಳು ಹೊಟ್ಟೆ ಹುಳದಿಂದ ಸಾಲುಸಾಲಾಗಿ ಸಾಯುತ್ತಿದ್ದವು. ಯಾವ ಮನೆಯ ಗಂಡ ಹೆಂಡತಿ ಇಬ್ಬರೂ ರಕ್ತ ಕೊಡುತ್ತಾರೋ ಆ ಮನೆಯ ಕುರಿಗೆ ಔಷಧಿ ಎಂದು ಸಾರಿದೆ. ಒಂದು ಕಡೆ ಕುರಿಗಳ ಸಾಲು, ಇನ್ನೊಂದು ಕಡೆ ಹೆಂಗಸರ ಸಾಲು. 'ಯಾವ ಸಾಲು ಯಾವುದು ಅಂತ ಗುರುತು ಇಟ್ಕೊಳಯ್ಯಾ, ಔಷಧಿ ಅದಲುಬದಲಾದೀತು' ಎಂದು ಸ್ನೇಹಿತನಿಗೆ ಹೇಳಿ ನಕ್ಕೆ. ಸಾಲಿನಲ್ಲಿದ್ದ ಹೆಂಗಸರಿಗೆ ಅದು ಕೇಳಿಸಿತು.

ಆ ಸಾಲಿನಲ್ಲಿ ಕಾಟಮ್ಮ ಇದ್ದಳು. ಇಪ್ಪತ್ತರ ಆಸುಪಾಸಿನ ಹೆಂಗಸು. ಕುರಿಗಾರ ಚಿತ್ತಯ್ಯನ ಹೆಂಡತಿ. ಬಿಸಿಲಿನಲ್ಲಿ ಕಂಬಳಿ ಹೊದ್ದು ನಿಂತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಮಾರಿಕಣಿವೆಯ ತವರಿನಿಂದ ಆಗಷ್ಟೇ ಬಂದಿದ್ದಳಂತೆ. ಆ ಕಡೆ ಕಾಲುವೆ ಬದಿಯ ಊರುಗಳಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತ್ತು.

"ಇವತ್ತು ಬ್ಯಾಡ ಸಾಮಿ, ಚಳಿಜ್ವರ ಬಂದೈತೆ" ಎಂದಳು.

"ಒಂಚೂರು ರಕ್ತಕ್ಕೆ ಎಷ್ಟು ನಾಟಕ ಆಡ್ತೀಯೇ!" ಎಂದು ಗದರಿ ಅವಳ ತೋಳು ಹಿಡಿದು ಎಳೆದೆ. ತೋಳು ಸುಡುತ್ತಿತ್ತು. ಇದನ್ನು ಬರೆದಿಡಬೇಕು — ತೋಳು ಸುಡುತ್ತಿದ್ದುದು ನನ್ನ ಕೈಗೆ ಗೊತ್ತಾಯಿತು.

ನಾವು ಮಾಡುತ್ತಿದ್ದ ಪರೀಕ್ಷೆ ಸುಲಭದ್ದು. ರಕ್ತದ ತಿಳಿಯನ್ನು ಗಾಜಿನ ಮೇಲೆ ಒಂದು ದ್ರಾವಣದ ಹನಿಯ ಜೊತೆ ಬೆರೆಸಿ, ಅಲ್ಲಾಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಡೆದ ಹಾಲಿನ ಹಾಗೆ ಗಂಟುಗಂಟಾದರೆ ರೋಗ ಇದೆ ಎಂದು ಲೆಕ್ಕ. ಆದರೆ ಈ ಪರೀಕ್ಷೆ ರೋಗಾಣುವನ್ನೇ ಹಿಡಿಯುವಂಥದ್ದಲ್ಲ. ಮಲೇರಿಯಾ ಬಂದವರ ರಕ್ತವೂ ಕೆಲವು ಕಾಲ ಹೀಗೆಯೇ ಗಂಟು ಕಟ್ಟಬಹುದು, ಕುಷ್ಠ ಇದ್ದವರದೂ ಕಟ್ಟಬಹುದು. ಜ್ವರ ಹೋದ ಮೇಲೆ ತಾನಾಗಿ ಸರಿಹೋಗುತ್ತದೆ. ಅನುಮಾನವಿದ್ದರೆ ಬೆಂಗಳೂರಿಗೆ ಕಳಿಸಿ ಬೇರೆ ಪರೀಕ್ಷೆ ಮಾಡಿಸಬೇಕು. ಇದು ವೈದ್ಯಕೀಯ ಓದುವ ಮಕ್ಕಳಿಗೂ ಗೊತ್ತಿರುವ ವಿಷಯ. ನಾನೇ ಪಾಠ ಮಾಡಿದ್ದೇನೆ.

ಕಾಟಮ್ಮನ ರಕ್ತ ಗಂಟು ಕಟ್ಟಿತು. ಚಿತ್ತಯ್ಯನದು ಕಟ್ಟಲಿಲ್ಲ. ಅವಳ ಮಗಳು, ಎರಡು ವರ್ಷದ ರಂಗಿಯ ರಕ್ತವನ್ನೂ ಜೊತೆಗೇ ತೆಗೆದಿದ್ದೆ — ಅವಳದೂ ಕಟ್ಟಲಿಲ್ಲ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಗಂಡ ಚೊಕ್ಕ, ಹೆಂಡತಿಗೆ ರೋಗ! ಕುರಿಯ ಹಿಂದೆ ಹೋದವನು ತಂದದ್ದಲ್ಲ, ಮನೆಯಲ್ಲಿ ಉಳಿದವಳಿಗೇ ಬಂದದ್ದು. ಇದನ್ನು ಯಾರೂ ಬರೆದಿರಲಿಲ್ಲ. ನನ್ನ ಪ್ರಬಂಧಕ್ಕೆ ಜೀವ ಬಂದಹಾಗಾಯಿತು. ಆ ಸಂಜೆ ಮನೆಗೆ ಹೋಗುವಾಗ ಖಾರ ಮಂಡಕ್ಕಿ ಕಟ್ಟಿಸಿಕೊಂಡು ಹೋದೆ, ಅಷ್ಟು ಖುಷಿಯಾಗಿದ್ದೆ.

ಚಿತ್ತಯ್ಯನನ್ನು ಆಸ್ಪತ್ರೆಗೆ ಕರೆಸಿದೆ. ಹಟ್ಟಿಯ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು ಬಂದ. ಬಾಗಿಲು ಎಂದಿನಂತೆ ತೆರೆದಿತ್ತು, ಅವರಿಬ್ಬರೂ ಹೊಸ್ತಿಲಲ್ಲೇ ನಿಂತಿದ್ದರು.

"ನಿನ್ನ ರಕ್ತ ಚೊಕ್ಕ ಐತೆ ಕಣಯ್ಯ. ಕೆಟ್ಟಿರೋದು ನಿನ್ನ ಹೆಂಡ್ತೀದು" ಎಂದೆ.

"ಹಂಗಂದ್ರೆ?"

"ಹಂಗಂದ್ರೆ ನೀನು ಕೊಟ್ಟಿದ್ದಲ್ಲ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಸ್ತಿಲಲ್ಲಿದ್ದವರಿಗೆ ಬೇಗ ತಿಳಿಯಿತು, ಮುಖ ಮುಖ ನೋಡಿಕೊಂಡರು. ನಾನು ಮುಗುಳ್ನಕ್ಕೆ. ಈಗ ಎಷ್ಟು ತಿಣುಕಿದರೂ ಆ ನಗುವಿಗೆ ಒಂದು ಒಳ್ಳೆಯ ಕಾರಣ ನನಗೆ ಸಿಗುವುದಿಲ್ಲ.

ಹಟ್ಟಿಯಲ್ಲಿ ಪಂಚಾಯ್ತಿ ಸೇರಿತು. ಅವರಲ್ಲಿ ಒಂದು ಕಟ್ಟುಪಾಡು ಇತ್ತು. ಹಿರಿಯರು ಕರಿಯ ಕಂಬಳಿ ಹಾಸಿ ಅದರ ಮೇಲೆ ಕೂರುತ್ತಾರೆ. ಕಂಬಳಿಯ ಮೇಲೆ ಕೂತು ಆಡಿದ ಮಾತು ದೇವರ ಮುಂದೆ ಆಡಿದ ಮಾತು. ಅದನ್ನು ಹಟ್ಟಿಯವರು ಮತ್ತೆ ಕೆದಕುವುದಿಲ್ಲ. ಹೊರಗಿನವರನ್ನು ಆ ಕಂಬಳಿಗೆ ಹತ್ತಿಸುವುದು ಅಪರೂಪ. ನನಗೆ ಹೇಳಿ ಕಳಿಸಿದರು. ಬಿಳಿ ಕೋಟು ಹಾಕಿಕೊಂಡೇ ಹೋದೆ. ಚಪ್ಪಲಿ ಬಿಡಿಸಿ, ಕಾಲಿಗೆ ನೀರು ಕೊಟ್ಟು, ಯಜಮಾನ ಈರಣ್ಣ ತನ್ನ ಪಕ್ಕದಲ್ಲೇ ಜಾಗ ಮಾಡಿದ.

"ಬರ್ರಿ ಡಾಕ್ಟ್ರೇ, ಕುಂತ್ಕಳ್ರಿ. ಒಂದು ಹೆಣ್ಣಿನ ಬಾಳು ಇದು. ಕಂಡಿದ್ದು ಕಂಡಂಗೆ ಹೇಳ್ರಿ. ನಿಮ್ಮ ಮಾತಿನ ಮ್ಯಾಲೆ ನಾವು ನಡೀತೀವಿ" ಎಂದ.

ಕಾಟಮ್ಮ ಕಂಬಳಿಯ ಆಚೆ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಜ್ವರ ಬಿಟ್ಟಿತ್ತು, ಮುಖ ಇಳಿದಿತ್ತು. ಅತ್ತಿರಲಿಲ್ಲ. ಮಗು ಸೀರೆಯ ಸೆರಗು ಎಳೆದು ಹಾಲಿಗೆ ತಡಕುತ್ತಿತ್ತು. ನಾನು ಕಂಡದ್ದನ್ನು ಹೇಳಿದೆ. ಅವಳು ತೋಳು ಮುಂದೆ ಚಾಚಿದಳು.

"ತಪ್ಪಾಗಿರಾಕಿಲ್ವಾ ಸಾಮಿ? ಇನ್ನೊಂದು ಕಿತ ನೋಡ್ರಿ. ಎಷ್ಟು ಬೇಕೋ ಅಷ್ಟು ತಗಳ್ರಿ. ನಂಗೆ ನನ್ ಗಂಡನ ಬಿಟ್ರೆ ಯಾರೂ ಗೊತ್ತಿಲ್ಲ."

ಆಗ ನೆನಪಾಯಿತು, ಸುಡುತ್ತಿದ್ದ ತೋಳು. ಅದೇ ತೋಳು, ನನ್ನ ಎದುರಿಗೇ ಚಾಚಿಕೊಂಡಿತ್ತು. 'ಯಜಮಾನರೇ, ಸ್ವಲ್ಪ ತಾಳಿ, ಆವತ್ತು ಈಕೆಗೆ ಜ್ವರವಿತ್ತು, ಇನ್ನೊಂದು ಸಲ ನೋಡಿ ಹೇಳುತ್ತೇನೆ' ಎನ್ನಲು ಎಷ್ಟು ಹೊತ್ತು ಬೇಕಿತ್ತು? ಅಷ್ಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪರಂಗಿ ಡಾಕ್ಟ್ರು ಎಂದು ಯಾರೂ ನಗುತ್ತಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ನನಗೆ ಅಂಥ ಗೌರವ ಸಿಕ್ಕಿತ್ತು, ಅದನ್ನು ಅನುಮಾನದಿಂದ ಹಾಳುಮಾಡಿಕೊಳ್ಳುವುದು — ಇಲ್ಲ, ಇಷ್ಟು ಉದ್ದ ಯೋಚಿಸಲೂ ಇಲ್ಲ ನಾನು. ನೆನಪಾದದ್ದನ್ನು ನುಂಗಿದೆ.

"ರಕ್ತ ಸುಳ್ಳು ಹೇಳಲ್ಲ ಕಣಮ್ಮ. ಸುಳ್ಳು ಹೇಳೋದು ಬಾಯಿ" ಎಂದೆ.

ಹಿಂದೆ ಕೂತಿದ್ದವರು ಯಾರೋ ಕ್ಯಾಕರಿಸಿ ಉಗಿದರು. ಚಿತ್ತಯ್ಯ ತಲೆ ಎತ್ತಲಿಲ್ಲ. ಈರಣ್ಣ ಕೆಟ್ಟ ಮನುಷ್ಯನಲ್ಲ. ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ಡಾಕ್ಟ್ರು ಸೂಜಿ ತಂದವ್ರೆ. ಹಾಕಿಸ್ಕಂಡು, ತಪ್ಪಾಯ್ತು ಅಂತ ಕಂಬಳಿಗೆ ಅಡ್ಡಬೀಳು. ಹಟ್ಟೀಲೇ ಒಂದು ಮೂಲೇಲಿ ಮಗಾ ಇಟ್ಕಂಡು ಇರು" ಎಂದ.

ಅವಳು ಒಪ್ಪಲಿಲ್ಲ. "ಇಲ್ದಿದ್ ರೋಗಕ್ಕೆ ಸೂಜಿ ಯಾಕೆ ಹಾಕಿಸ್ಕಳಿ? ಹಾಕಿಸ್ಕಂಡ್ರೆ ಮಾಡಿದ್ದೆ ಅಂತ ನಾನೇ ಒಪ್ಕಂಡಂಗಾಯ್ತದೆ" ಎಂದಳು.

ನಾನು ಪೆನ್ಸಿಲಿನ್ ಸೀಸೆಯನ್ನು ಕೈಯಲ್ಲಿ ಹಿಡಿದು ಎದ್ದು ನಿಂತಿದ್ದೆ. ಹಾಗೇ ಮತ್ತೆ ಕೂತೆ. ಅಷ್ಟೂ ಜನರ ಮುಂದೆ ಒಬ್ಬ ಕುರಿಗಾರತಿ ನನ್ನ ಔಷಧಿಯನ್ನು ಬೇಡ ಎಂದಿದ್ದಳು. ಮೈ ಉರಿದುಹೋಯಿತು. ಈರಣ್ಣ ನನ್ನ ಕಡೆ ಬಗ್ಗಿ, "ಮಗಾ ಅವಳ ಜತೇಲಿ ಬಿಡಬೌದಾ ಡಾಕ್ಟ್ರೇ? ಏನೂ ಆಗಾಕಿಲ್ವಾ?" ಎಂದು ಪಿಸುಗುಟ್ಟಿದ. ಪಿಸುಗುಟ್ಟಿದ್ದಕ್ಕೆ ನಾನು ಜೋರಾಗಿ ಉತ್ತರ ಕೊಟ್ಟೆ.

"ಮುಟ್ಟಿಸಬೇಡಿ. ಹಾಲು ಇವತ್ತೇ ಬಿಡಿಸಿ."

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಆ ರೋಗ ನಿಜವಾಗಿ ಇದ್ದಿದ್ದರೂ ಹುಣ್ಣಿಲ್ಲದ ತಾಯಿಯ ಹಾಲಿನಿಂದಾಗಲಿ ತೊಡೆಯ ಮೇಲೆ ಕೂರಿಸಿಕೊಂಡಿದ್ದರಿಂದಾಗಲಿ ಮಗುವಿಗೆ ಅಂಟುವಂಥದ್ದಲ್ಲ. ನನಗೆ ಗೊತ್ತಿತ್ತು. ಅವಳಿಗೆ ಎಲ್ಲಿ ತಾಗುತ್ತದೋ ಅಲ್ಲಿಗೆ ಹೊಡೆಯಬೇಕಿತ್ತು, ಹೊಡೆದೆ. ಅತ್ತೆ ಬಂದು ಮಗುವನ್ನು ಎಳೆದುಕೊಂಡಳು. ಮಗುವಿನ ಮುಷ್ಟಿಯಲ್ಲಿ ಸೆರಗು ಹಾಗೇ ಇತ್ತು, ಒಂದೊಂದೇ ಬೆರಳು ಬಿಡಿಸಬೇಕಾಯಿತು. ಅಲ್ಲಿಯವರೆಗೆ ಅಳದಿದ್ದವಳು ಆಗ ಕೂಗಿಕೊಂಡ ರೀತಿ — ಅದನ್ನು ಬರೆಯಲು ನನಗೆ ಬರುವುದಿಲ್ಲ. ಅವರು ಹಾಲು ಕೊಟ್ಟರು, ಕುಡಿದೆ, ಜೀಪು ಹತ್ತಿದೆ.

ಕಾಟಮ್ಮ ಮಾರಿಕಣಿವೆಗೆ, ತಮ್ಮನ ಮನೆಗೆ ಹೋದಳು. ಚಿತ್ತಯ್ಯ ಮುಂದಿನ ಮಾಘದಲ್ಲೇ ಇನ್ನೊಂದು ಮದುವೆಯಾದ.

ಇಲ್ಲಿಗೇ ಮುಗಿದಿದ್ದರೆ ದುಡುಕಿದೆ, ಅಹಂಕಾರ, ವಯಸ್ಸು ಎಂದು ಏನಾದರೂ ಹೇಳಿಕೊಳ್ಳಬಹುದಿತ್ತೇನೋ. ಮುಗಿಯಲಿಲ್ಲ. ಆ ವರ್ಷದ ಮಳೆಗಾಲ ಕಳೆದ ಮೇಲೆ ಮಾರಿಕಣಿವೆಯ ಕಾಲುವೆ ಕೂಲಿಗಳ ರಕ್ತ ತೆಗೆಯಲು ಹೋಗಿದ್ದೆ. ನನ್ನ ಜೊತೆ ನರ್ಸ್ ಸರೋಜಮ್ಮ ಇದ್ದರು. ಸಾಲಿನ ಕೊನೆಯಲ್ಲಿ ಕಾಟಮ್ಮ ಬಂದು ನಿಂತಳು. ಯಾರೂ ಕರೆದಿರಲಿಲ್ಲ. ತೋಳು ಚಾಚಿದಳು. ಸೂಜಿ ಎಲ್ಲಾದರೂ ಹಾಕಿಸಿಕೊಂಡೆಯಾ ಎಂದು ಕೇಳಿದೆ. ಇಲ್ಲ ಎಂದಳು. ನನಗೂ ಒಳಗೆ ಏನೋ ಕೊರೆಯುತ್ತಿತ್ತು, ರಕ್ತ ತೆಗೆದುಕೊಂಡೆ.

ಚಿತ್ರದುರ್ಗಕ್ಕೆ ಬಂದು ನಾನೇ ಪರೀಕ್ಷೆ ಮಾಡಿದೆ, ಯಾರ ಕೈಗೂ ಕೊಡಲಿಲ್ಲ. ಗಂಟು ಕಟ್ಟಲಿಲ್ಲ. ಹೊಸ ಗಾಜು ತೆಗೆದು ಮತ್ತೆ ಮಾಡಿದೆ. ತಿಳಿಯಾಗಿತ್ತು, ನೀರಿನ ಹಾಗೆ. ಔಷಧಿಯನ್ನೇ ಮುಟ್ಟದವಳ ರಕ್ತ ತಾನಾಗಿ ಸರಿಹೋಗಿತ್ತು. ಎಂದರೆ ಅದು ಬರೀ ಜ್ವರದ ಕರಾಮತ್ತು. ಎಂದರೆ ಅವಳು ಹೇಳಿದ್ದೆಲ್ಲ ನಿಜ.

ನನ್ನ ಪ್ರಬಂಧ ಅಷ್ಟು ಹೊತ್ತಿಗೆ ಮದರಾಸಿನ ವೈದ್ಯರ ಸಭೆಯೊಂದಕ್ಕೆ ಹೋಗಿ ಒಪ್ಪಿಗೆಯಾಗಿತ್ತು. ಅದರಲ್ಲಿ ಎಲ್ಲರ ಕಣ್ಣು ಬಿದ್ದಿದ್ದ ಭಾಗವೇ ಕಾಟಮ್ಮ. ಅವಳನ್ನು ತೆಗೆದರೆ ಉಳಿಯುವುದು ಯಾರು ಬೇಕಾದರೂ ಬರೆಯಬಹುದಾದ ನಾಲ್ಕು ಮಾತು. ಆಗಲೇ ಹಟ್ಟಿಗೆ ಹೋಗಿ, ಅದೇ ಕಂಬಳಿ ಹಾಸಿಸಿ, ನಾನು ಆಡಿದ್ದು ತಪ್ಪು ಎನ್ನಬೇಕಿತ್ತು. ಎರಡು ದಿನ ಊಟ ಸೇರಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಸೇರಿತ್ತು. ಚೆನ್ನಾಗಿಯೇ ಉಂಡೆ.

ಮುಂದಿನ ವಾರ ಮಾರಿಕಣಿವೆಯಲ್ಲಿ ಅವಳು ಜೀಪಿನ ಹತ್ತಿರವೇ ಕಾಯುತ್ತಿದ್ದಳು. ತಲೆ ಬಾಚಿ, ಒಗೆದ ಸೀರೆ ಉಟ್ಟು ಬಂದಿದ್ದಳು. ಅಲ್ಲಿಂದಲೇ ಹಟ್ಟಿಗೆ ಹೋಗುವ ಅಂದಾಜಿನಲ್ಲಿದ್ದಳೋ ಏನೋ, ಕಂಕುಳಲ್ಲಿ ಒಂದು ಗಂಟೂ ಇತ್ತು.

"ಏನಂತೆ ಸಾಮಿ?"

"ಹಂಗೇ ಐತೆ" ಎಂದೆ.

ಅವಳು ನಂಬಿದಳು. ಅದೇ ಘೋರ. ಮೊದಲ ಸಲ ನಂಬದಿದ್ದವಳು ಈ ಸಲ ನಂಬಿದಳು. ತನ್ನ ನಡತೆ ಅವಳಿಗೆ ಗೊತ್ತಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ತಪ್ಪು ಮಾಡದೆಯೂ ರಕ್ತ ಕೆಟ್ಟಿರಬಹುದು, ಯಾವ ಜನ್ಮದ್ದೋ, ಯಾರ ಶಾಪವೋ ಎಂದುಕೊಂಡಳು. ಅವಳ ಮುಖದ ಮೇಲೆ ಅದು ಕೂರುವುದನ್ನು ನಾನು ನೋಡಿದೆ. ಆಮೇಲೆ ಮೆಲ್ಲಗೆ, "ಹಂಗಾರೆ ಸೂಜಿ ಹಾಕ್ರಿ. ಎಷ್ಟಾದ್ರೂ ಹಾಕ್ರಿ. ಮಗಾನ ಮುಟ್ಟಂಗಾದ್ರೆ ಸಾಕು" ಎಂದಳು.

ಸೂಜಿ ಹಾಕಿ, ವಾಸಿಯಾಯಿತು ಎಂದು ಸುಳ್ಳೇ ಹೇಳಿದ್ದರೂ ಆಗುತ್ತಿತ್ತು. ಅಷ್ಟಾದರೂ ಮಾಡಬಹುದಿತ್ತು. ಆದರೆ ವಾಸಿಯಾದವಳು ಹಟ್ಟಿಗೆ ಹೋಗುತ್ತಾಳೆ, ಹಟ್ಟಿಯವರು ನನ್ನನ್ನು ಕರೆಸುತ್ತಾರೆ, ಮತ್ತೆ ಕಂಬಳಿ, ಮತ್ತೆ ಪ್ರಶ್ನೆ... ನನಗೆ ಅವಳು ಕಣ್ಣೆದುರಿನಿಂದ ತೊಲಗಿದರೆ ಸಾಕಾಗಿತ್ತು.

"ಹೊತ್ತು ಮೀರಿಹೋಯ್ತು. ಆವತ್ತೇ ಹಾಕಿಸ್ಕೋಬೇಕಿತ್ತು. ಮಕ್ಕಳನ್ನ ಮಾತ್ರ ಮುಟ್ಟಬೇಡ" ಎಂದು ಹೇಳಿ ಜೀಪಿನ ಬಾಗಿಲು ಎಳೆದುಕೊಂಡೆ.

ಮದರಾಸಿನಲ್ಲಿ ಚಪ್ಪಾಳೆ ತಟ್ಟಿದರು. ಬೆಂಗಳೂರಿಗೆ ಹೋದೆ, ದೊಡ್ಡ ಕೋಣೆ ಸಿಕ್ಕಿತು, ವಿಭಾಗದ ಮುಖ್ಯಸ್ಥನಾದೆ. ನನ್ನ ಪ್ರಬಂಧವನ್ನು ಓದಿದ ಹುಡುಗರು ಪರೀಕ್ಷೆಗಳಲ್ಲಿ ಅದನ್ನೇ ಬರೆದರು, ನಾನೇ ಅವರಿಗೆ ಅಂಕ ಹಾಕಿದೆ. 'ರೋಗಿಯ ಗುಟ್ಟು ವೈದ್ಯನ ಧರ್ಮ' ಎಂದು ಎಷ್ಟೋ ಸಭೆಗಳಲ್ಲಿ ಮಾತಾಡಿದೆ, ಶಾಲು ಹೊದಿಸಿಕೊಂಡೆ. ಕಾಟಮ್ಮ ಆಗೊಮ್ಮೆ ಈಗೊಮ್ಮೆ ನೆನಪಾಗುತ್ತಿದ್ದಳು. ಸತ್ತಿರುತ್ತಾಳೆ ಎಂದುಕೊಳ್ಳುತ್ತಿದ್ದೆ. ಆ ಯೋಚನೆಯಿಂದ ನನಗೆ ಸಮಾಧಾನವಾಗುತ್ತಿತ್ತು — ಎಂಥ ವೈದ್ಯ ನೋಡಿ, ತನ್ನ ರೋಗಿ ಸತ್ತಿರಲಿ ಎಂದು ಹಾರೈಸುವವನು.

ನಿವೃತ್ತಿಯ ಎಷ್ಟೋ ವರ್ಷಗಳ ನಂತರ, ಹೊಸದುರ್ಗದ ಒಂದು ಗೃಹಪ್ರವೇಶದಲ್ಲಿ ಸರೋಜಮ್ಮ ಸಿಕ್ಕರು. ಅವರಿಗೂ ವಯಸ್ಸಾಗಿದೆ. ಊಟ ಮಾಡುತ್ತ ಹಳೆಯ ಕ್ಯಾಂಪುಗಳ ಮಾತು ಬಂತು. ಕಾಟಮ್ಮ ತೀರಿಕೊಂಡಿರಬೇಕಲ್ಲ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಅಯ್ಯೋ, ಗಟ್ಟಿಯಾಗವ್ರೆ ಸಾರ್! ಡ್ಯಾಮಿನ ಹತ್ರ ಕಡ್ಲೆಕಾಯಿ ಮಾರ್ತಾರೆ. ಆ ಮಗಳು ರಂಗಮ್ಮನ್ನ ಮತ್ತೋಡಿಗೆ ಕೊಟ್ಟಿದ್ರು. ಮದ್ವೆಗೆ ಹೋಗಿ ಬೇಲಿ ಆಚೆ ನಿಂತಿದ್ರಂತೆ, ಎಲೆ ಅಲ್ಲಿಗೇ ಕಳ್ಸಿದ್ರಂತೆ" ಎಂದು ಹೇಳಿ ಸರೋಜಮ್ಮ ಮಜ್ಜಿಗೆ ಹಾಕಿಸಿಕೊಂಡರು. ನನ್ನ ಎಲೆಯಲ್ಲಿ ಅನ್ನ ಹಾಗೇ ಉಳಿಯಿತು.

ಹೋಗಬೇಕು ಎಂದುಕೊಳ್ಳುತ್ತಲೇ ತಿಂಗಳುಗಳು ಕಳೆದವು. ಕೊನೆಗೆ ಹೋದ ವಾರ ಹೋದೆ.

ಮಾರಿಕಣಿವೆಯ ಡ್ಯಾಮಿನಿಂದ ಸ್ವಲ್ಪ ಈಚೆ, ತಮ್ಮನ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕಡಲೆಕಾಯಿ ಆರಿಸುತ್ತಿದ್ದಳು. ಕೂದಲು ಪೂರ್ತಿ ಬಿಳಿ. ನನ್ನನ್ನು ಗುರುತು ಹಿಡಿಯಲಿಲ್ಲ, ಗಿರಾಕಿ ಎಂದುಕೊಂಡು ಸೇರು ಎತ್ತಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಅಂಬೆಗಾಲಿಡುವ ಒಂದು ಕೂಸು ಬಂದು, ಅವಳ ಸೀರೆ ಹಿಡಿದು ಏಳಲು ನೋಡಿತು. ಅವಳು ಎರಡೂ ಕೈಗಳನ್ನು ಮೇಲಕ್ಕೆ ಎತ್ತಿ ಹಿಡಿದು, ಹಿಂದಕ್ಕೆ ಸರಿದು, "ಏ, ಯಾರಾರ ಬರ್ರೇ, ಕೂಸು ಎತ್ಕಳ್ರೇ" ಎಂದು ಕೂಗಿದಳು. ತಮ್ಮನ ಸೊಸೆ ಬಂದು ಅಭ್ಯಾಸವಾದ ಕೆಲಸದ ಹಾಗೆ ಕೂಸನ್ನು ಎತ್ತಿಕೊಂಡು ಹೋದಳು.

ಕಟ್ಟೆಯ ತುದಿಯಲ್ಲಿ ಕೂತೆ. ಹೆಸರು ಹೇಳಿದೆ. ಪರಂಗಿ ಡಾಕ್ಟ್ರು ಎಂದೂ ಹೇಳಿದೆ. ಅವಳು ಕಾಯಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಕಾಟಮ್ಮನವರೇ" ಎಂದು ಶುರು ಮಾಡಿದೆ. ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಎಲ್ಲವನ್ನೂ ಹೇಳಿದೆ. ಜ್ವರದ್ದು, ಕಂಬಳಿಯ ಮೇಲಿನದ್ದು, ಎರಡನೆಯ ಸಲ ತಿಳಿಯಾಗಿದ್ದ ರಕ್ತದ್ದು, ಜೀಪಿನ ಹತ್ತಿರ ಆಡಿದ ಸುಳ್ಳಿನದು. ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂತು, ಆಡಲಿಲ್ಲ. ಆ ಮಾತಿಗೆ ನನ್ನ ಬಾಯಿ ಯೋಗ್ಯವಲ್ಲ ಎನ್ನಿಸಿತು.

ಮೊರದಿಂದ ಒಂದು ಹುಳುಕು ಕಾಯಿ ಆರಿಸಿ ಆಚೆ ಹಾಕಿದಳು.

"ನಾನು ಕೆಟ್ಟೋಳಲ್ಲ ಅಂತ ನಂಗೆ ಗೊತ್ತಿತ್ತು. ನಿಮ್ಗೂ ಗೊತ್ತಿತ್ತು ಅಂತ ಗೊತ್ತಿರ್ಲಿಲ್ಲ" ಎಂದಳು.

ಹಟ್ಟಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೆ.

"ಯಾರಿಗೆ ಹೇಳ್ತೀರಿ? ಆ ಕಂಬಳಿ ಮ್ಯಾಲೆ ಕುಂತೋರೆಲ್ಲ ಸತ್ರು. ಅವ್ನೂ ಸತ್ತ."

'ಅವನು' ಎಂದರೆ ಚಿತ್ತಯ್ಯ. ಅವಳು ಮೊರವನ್ನು ಪಕ್ಕಕ್ಕೆ ಇಟ್ಟಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಆ ಕೈಗಳನ್ನೇ ನೋಡುತ್ತ ಕೇಳಿದಳು.

"ಹಂಗಾರೆ ಮಗಾನ ಮುಟ್ಟಬೌದಿತ್ತಾ?"

"ಮುಟ್ಟಬಹುದಿತ್ತು."

"ಹಾಲು?"

"ಕುಡಿಸಬಹುದಿತ್ತು."

"ರಂಗಿ ತನ್ನ ಬಾಣಂತನಕ್ಕೆ ಕರ್ದಿದ್ಲು. ಕೂಸಿಗೆ ನೀರು ಹಾಕು ಬಾ ಅವ್ವಾ ಅಂತ. ನಾನೇ ಬ್ಯಾಡ ಅಂದೆ. ಅದ್ಕೇ ಸಿಟ್ಟು ಅವ್ಳಿಗೆ. ಬಂದ್ರೂ ಮುಖ ಕೊಟ್ಟು ಮಾತಾಡಾಕಿಲ್ಲ." ಆಮೇಲೆ, "ಅವ್ಳಿಗೆ ನೀವೇ ಹೋಗಿ ಹೇಳ್ರಿ. ನಾನು ಹೇಳಿದ್ರೆ ನಂಬಲ್ಲ" ಎಂದಳು.

ಹೇಳುತ್ತೇನೆ ಎಂದೆ. ಹೊಟ್ಟೆಯಲ್ಲಿ ಒಂದು ಆಸೆ ಹುಟ್ಟಿತು. ಈಗಲಾದರೂ ತಾಯಿ ಮಗಳು ಒಂದಾಗಬಹುದಲ್ಲ, ನನ್ನಿಂದ ಅಷ್ಟಾದರೂ ಆಗಬಹುದಲ್ಲ ಎಂದು. ಆಸೆ ಮುಖದ ಮೇಲೆ ಕಾಣಿಸಿರಬೇಕು. ನಾಚಿಕೆಯಿಲ್ಲದೆ ಹೇಳಿಯೂಬಿಟ್ಟೆ — "ಈಗ ಮುಟ್ಟಬಹುದು ಕಾಟಮ್ಮನವರೇ, ಏನೂ ಆಗುವುದಿಲ್ಲ."

ಅವಳು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಅವ್ಳಿಗೀಗ ಮೊಮ್ಮಕ್ಕಳು ಡಾಕ್ಟ್ರೇ. ಈಗ ಸೊಂಟದ ಮ್ಯಾಲೆ ಎತ್ಕಳಾಕೆ ಆಗ್ತೈತಾ?"

ನಾನು ಎದ್ದು ಬಂದೆ. ನಾಳೆ ಬೆಳಗಿನ ಬಸ್ಸಿಗೆ ಮತ್ತೋಡಿಗೆ, ರಂಗಮ್ಮನ ಹತ್ತಿರ ಹೋಗುತ್ತೇನೆ.